ತಂತಿಯಣ್ಣನ ಹಳೇ ಗಂಟು

ಮೂವತ್ತೊಂದು ವರ್ಷ ವೈರಿಂಗ್ ಮಾಡುತ್ತ ದೋಣಿಗಳ ಹೊಟ್ಟೆಯಲ್ಲಿ ತೆವಳಿದವನ ಮಂಡಿ ಹೇಗಿರಬೇಕೋ ತಂತಿಯಣ್ಣನದು ಹಾಗೇ ಇತ್ತು: ಬಗ್ಗಿದರೆ ಏಳದು, ಎದ್ದರೆ ಬಗ್ಗದು. ಅಪ್ಪ ಅಮ್ಮ ಇಟ್ಟ ಹೆಸರು ಬಂದರಿನಲ್ಲಿ ಯಾರಿಗೂ ಗೊತ್ತಿಲ್ಲ. ಅಂಗಡಿಗೆ ಫೋನು ಮಾಡಿದರೆ ಹೆಂಡತಿಯೂ "ತಂತಿಯಣ್ಣ ಇದ್ದಾರಾ?" ಎಂದೇ ಕೇಳುತ್ತಿದ್ದಳು.

ಆ ಬೆಳಿಗ್ಗೆ ಒಂದು ದೋಣಿಯ ಯಜಮಾನಿ ಅವನನ್ನು ಕರೆಸಿದ್ದು ಒಂದು ಬೀಪ್ ಸದ್ದಿಗಾಗಿ. ದೋಣಿ ನಡೆಸುವವನು ಅವಳ ತಮ್ಮ. ಚುಕ್ಕಾಣಿ ಕೋಣೆಯ ರೇಡಿಯೋ ನಾಲ್ಕು ಗಂಟೆಗೊಮ್ಮೆ ಕುಂಯ್‌ಗುಡುತ್ತಿತ್ತು.

"ಮೂರು ವರ್ಷದಿಂದ ಸದ್ದು ನಿಲ್ಲಿಸೋ ಬಟನ್ ಒತ್ತಿ ಒತ್ತಿ ಅವನಿಗೆ ಸಾಕಾಗಿದೆ. ಮಧ್ಯಾಹ್ನ ಹೊರಡ್ಬೇಕು. ಸ್ಪೀಕರ್ ತಂತಿ ಕತ್ತರಿಸಿ ಬಿಸಾಕಿ, ತಂತಿಯಣ್ಣ."

"ಅದು ಸುಮ್ನೆ ಬಡ್ಕೊಳ್ತಿಲ್ಲಮ್ಮ. ನಾವೆಲ್ಲಿದೀವಿ ಅಂತ ಅದಕ್ಕೇ ಗೊತ್ತಿಲ್ಲ. ಮುಳುಗೋವಾಗ ಈ ಕೆಂಪು ಗುಂಡಿ ಒತ್ತಿದ್ರೆ 'ಕಾಪಾಡಿ' ಅಂತ ಕೂಗುತ್ತೆ. ಎಲ್ಲಿಗೆ ಬರ್ಬೇಕು ಅಂತ ಹೇಳಲ್ಲ."

"ಮೂರು ವರ್ಷ ಏನೂ ಆಗಿಲ್ವಲ್ಲ?"

"ಮೂರು ವರ್ಷ ಮುಳುಗಿಲ್ಲ, ಅಷ್ಟೇ."

ಜಿಪಿಎಸ್ ಪೆಟ್ಟಿಗೆಯಿಂದ ರೇಡಿಯೋಗೆ ತೆಳ್ಳನೆಯ ಎರಡು ತಂತಿ ಬರುತ್ತವೆ. ದೋಣಿ ಇರುವ ಜಾಗವನ್ನು ಅಂಕಿಗಳಲ್ಲಿ ಅದು ಸೆಕೆಂಡಿಗೊಮ್ಮೆ ಹೇಳುತ್ತಲೇ ಇರುತ್ತದೆ. ಹೇಳುವ ಪೆಟ್ಟಿಗೆ ಒಂದಾದರೆ ಕೇಳುವವು ನಾಲ್ಕಿದ್ದರೂ ತಕರಾರಿಲ್ಲ. ಒಂದೇ ಕಿವಿಗೆ ಹೇಳುವವು ಎರಡಾದರೆ ಸಂತೆ.

ಹಲಗೆ ಬಿಚ್ಚಿ, ಅಂಗಾತ ಮಲಗಿ, ಟಾರ್ಚು ಕಚ್ಚಿಕೊಂಡು ನೋಡಿದ. ಯಾವನೋ ಬೇವರ್ಸಿ ಜಿಪಿಎಸ್ ಜೋಡಿಯನ್ನೂ ಆಳ ಅಳೆಯುವ ಪೆಟ್ಟಿಗೆಯ ಜೋಡಿಯನ್ನೂ ಒಂದೇ ಗಂಟಿಗೆ ಹೊಸೆದು ರೇಡಿಯೋಗೆ ತುರುಕಿದ್ದ. ಬೈಯಲು ಬಾಯಿ ತೆರೆದಾಗ ಟಾರ್ಚು ಎದೆಗೆ ಬಿತ್ತು. ಅದರ ಬೆಳಕಿನಲ್ಲಿ ಟೇಪಿನ ತುದಿ ಕಂಡಿತು. ಬಿಚ್ಚುವವನ ಉಗುರಿಗೆ ಸಿಗಲೆಂದು ಚೂರು ಮಡಚಿ ಬಿಟ್ಟ ಬಾಲ. ಇಡೀ ಬಂದರಿನಲ್ಲಿ ಹಾಗೆ ಸುತ್ತುವವನು ಒಬ್ಬನೇ: ಖುದ್ದು ತಂತಿಯಣ್ಣ.

ನೆನಪಾಯಿತು. ಮೂರು ವರ್ಷದ ಹಿಂದೆ, ಮೈ ಸುಡುವ ಜ್ವರ, ಒಂದೇ ವಾರದಲ್ಲಿ ಐದು ದೋಣಿ. ಪರೀಕ್ಷೆ ಮಾಡುವಾಗ ಆಳದ ಪೆಟ್ಟಿಗೆ ಆಫ್ ಆಗಿತ್ತು. ರೇಡಿಯೋದಲ್ಲಿ ಅಂಕಿ ಬಂತು, ಸರಿ ಎಂದು ಎದ್ದು ಹೋಗಿದ್ದ.

ಟೇಪಿಗೇನು ಬಾಯಿಯಿಲ್ಲ. ಸುಮ್ಮನೆ ಸರಿ ಮಾಡಿ ಹೋಗಬಹುದಿತ್ತು. ಆಳದ ಜೋಡಿಯನ್ನು ಬೇರ್ಪಡಿಸಿದ, ಎಲ್ಲ ಪೆಟ್ಟಿಗೆಗಳನ್ನೂ ಆನ್ ಮಾಡಿ ಕಾದ. ಅಂಕಿ ಬಂತು, ಹೋಗದೆ ಉಳಿಯಿತು.

"ಯಾರದ್ದು ಈ ಘನಂದಾರಿ ಕೆಲ್ಸ?" ಎಂದಳು ಯಜಮಾನಿ.

"ನಂದೇ."

ಅವಳು ಅವನ ಮುಖ ನೋಡಿದಳು, ಕೆಂಪು ಗುಂಡಿ ನೋಡಿದಳು. "ನನಗಿರೋದು ಒಬ್ಬನೇ ತಮ್ಮ" ಎಂದಳು. ಬೈದಿದ್ದರೆ ವಾಸಿಯಿತ್ತು.

"ಅದೇ ವಾರ ಇನ್ನೂ ನಾಲ್ಕು ದೋಣಿಗೆ ಹೀಗೇ ಕಟ್ಟಿದ್ದೆ" ಎಂದು ಅವುಗಳ ಹೆಸರು ಒಂದೊಂದಾಗಿ ಹೇಳಿದ. "ಯಾವ್ಯಾವು ದಡದಲ್ಲಿವೆ?"

"ಎರಡು ಇಲ್ಲೇ ಇವೆ. ಇನ್ನೆರಡು ಇವತ್ತು ಬೆಳಿಗ್ಗೆ ಹೋದ್ವು."

ತಂತಿಯಣ್ಣ ರೇಡಿಯೋ ಮೈಕು ಎತ್ತಿಕೊಂಡು ಎರಡೂ ದೋಣಿಗಳನ್ನು ಕರೆದ. ಬಂದರಿಗೆಲ್ಲ ಕೇಳುವ ಚಾನೆಲ್. ಕೇಳಲಿ.

"ನಾನು ಕಟ್ಟಿದ ವೈರಿಂಗ್ ತಪ್ಪು. ವಾಪಸ್ ಬರೋವರೆಗೂ ಆಳದ ಪೆಟ್ಟಿಗೆ ಆಫ್ ಇಡಿ. ಅದು ಆನ್ ಇದ್ರೆ ನೀವೆಲ್ಲಿದೀರಿ ಅಂತ ರೇಡಿಯೋಗೆ ಗೊತ್ತಾಗಲ್ಲ."

"ಆಫ್ ಮಾಡಿದ್ರೆ ಬಂಡೆಗೆ ಬಡಿತೀವಲ್ಲಣ್ಣಾ!" ಎಂದಿತು ಒಂದು ಗಂಟಲು. ಹಿಂದೆ ಯಾರೋ ನಕ್ಕರು.

"ಹಾಗಾದ್ರೆ ಬಡಿದ ಮೇಲೆ ಆಫ್ ಮಾಡಿ, ಆಮೇಲೆ ಗುಂಡಿ ಒತ್ತಿ" ಎಂದ ತಂತಿಯಣ್ಣ. "ಬೈಯೋದಿದ್ರೆ ದಡಕ್ಕೆ ಬಂದು ಬೈಯಿರಿ. ಇಲ್ಲೇ ಇರ್ತೀನಿ."