ಶಾಲು ಮುಟ್ಟಿದ ಕೂಡಲೇ ಗೊತ್ತಾಗಿತ್ತು

ನಾನು ಓದಿದ್ದು ಹೈಸ್ಕೂಲಿನವರೆಗೆ. ಅಂಥ ನನ್ನನ್ನು ಒಂದು ಯೂನಿವರ್ಸಿಟಿಯವರು ಚೀಫ್ ಗೆಸ್ಟ್ ಮಾಡಿದರು ಎಂದರೆ ನೀವು ನಂಬುತ್ತೀರಾ?

ನಾನು ನಂಬಿದೆ. ಎಡವಿದ್ದು ಅಲ್ಲೇ.

ಎರಡು ವರ್ಷದ ಹಿಂದೆ ಶಾಹೀನ್ ಮನೆಗೆ ಬಂದಳು. ಬೆಳಗಾವಿಯ ವಡಗಾವಿಯಲ್ಲಿ ನನ್ನ ಪಕ್ಕದ ಮಗ್ಗದಲ್ಲಿ ನೇಯುತ್ತಿದ್ದ ದಸ್ತಗೀರನ ಮಗಳು. ಮದುವೆಯಾಗಿ ಗುಂಜಿಯಲ್ಲಿದ್ದಾಳೆ. ಅಲ್ಲಿಂದ ದಿನಾ ಟ್ರೇನಿನಲ್ಲಿ ಹೋಗಿ ಖಾನಾಪುರದ ಖಾಸಗಿ ಶಾಲೆಯೊಂದರಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಾಳೆ. ಡಿಗ್ರಿ ಮುಗಿಸಿ, ಬಿ.ಎಡ್. ಮಾಡಿ, ಹೈಸ್ಕೂಲ್ ಟೀಚರ್ ಆಗಬೇಕೆಂಬ ಆಸೆ ಅವಳಿಗೆ.

‘ಕಾಕಾ, ಕೋಟೆ ಹತ್ರ ಒಂದು ಯೂನಿವರ್ಸಿಟಿಯವರು ಆಫೀಸ್ ತೆಗದಾರ. ಮನ್ಯಾಗ ಕುಂತು ಡಿಗ್ರಿ ಮಾಡಬಹುದಂತ. ಮೂರು ವರ್ಷದ್ದು ಒಂದ ವರ್ಷದಾಗ! ಖರೇ ಐತೋ ಇಲ್ಲೋ ನೋಡಿ ಹೇಳ್ರಿ. ನೀವು ಪೇಪರ್‌ನ್ಯಾಗ ಬರೀತೀರಿ, ನಿಮಗ ತಿಳಿತೈತಿ.’

ಮೂರು ದಿನದ ಸೀರೆಯನ್ನು ಒಂದೇ ದಿನದಲ್ಲಿ ನೇಯ್ದು ಕೊಡುತ್ತೇನೆ ಎಂದವನನ್ನು ನಾನು ಬಾಗಿಲಿನಿಂದಲೇ ಕಳಿಸುತ್ತಿದ್ದೆ. ಆದರೆ ‘ನಿಮಗ ತಿಳಿತೈತಿ’ ಎಂದಳಲ್ಲ? ಅಂಗಿ ಬದಲಿಸಿ ಹೊರಟೆ.

ಗಾಜಿನ ಬಾಗಿಲು, ಒಳಗೆ ಎ.ಸಿ. ಗೋಡೆಯ ಮೇಲೆ ಬಂಗಾರದ ಮುದ್ರೆಯ ಸರ್ಟಿಫಿಕೇಟು. ಡೈರೆಕ್ಟರ್ ಎದ್ದು ನಿಂತ. ‘ಅರೇ, ಅಂಕಣದ ಕಾಕಾರು! ಬರ್ರಿ, ಕುಂದರ್ರಿ!’

‘ಸರ್ಕಾರದ ಮಾನ್ಯತೆ ಐತೇನ್ರಿ?’ ಎಂದೆ.

‘ನಮಗ ಫಾರಿನ್ನಿನ ಮಾನ್ಯತೆನ ಐತ್ರಿ. ಇಲ್ಲಿದ್ದು ತಗೊಂಡು ಏನ್ ಮಾಡೂದೈತಿ? ಅದಿರ್ಲಿ, ಬರೂ ರವಿವಾರ ಪದವಿ ಪ್ರದಾನ ಐತಿ. ನೀವ ಚೀಫ್ ಗೆಸ್ಟ್!’

ನನ್ನ ಮುಂದಿನ ಪ್ರಶ್ನೆ ಚಹಾದ ಜೊತೆ ಒಳಗೆ ಹೋಯಿತು.

ರವಿವಾರ ತಲೆಗೆ ಫೇಟಾ ಸುತ್ತಿದರು, ಹಾರ ಹಾಕಿದರು. ‘ಅಪ್ಪಟ ರೇಷ್ಮೆ ಶಾಲು’ ಎಂದು ಮೈಕಿನಲ್ಲಿ ಹೇಳಿ ಹೊದಿಸಿದರು. ಅಂಚು ಬೆರಳಿಗೆ ತಾಗಿತು. ಪಾಲಿಯೆಸ್ಟರ್! ಜೀವಮಾನವಿಡೀ ಮಗ್ಗದ ಮುಂದೆ ಕೂತವನು ನಾನು, ಕಣ್ಣು ಕಟ್ಟಿದರೂ ಹೇಳಬಲ್ಲೆ. (ಮನೆಗೆ ಬಂದಾಗ ನನ್ನ ಹೆಂಡತಿಯೂ ಮುಟ್ಟಿ ನೋಡಿ ನಕ್ಕಳು: ‘ಇದರಾಗ ಎರಡು ದಿಂಬಿನ ಚೀಲ ಹೊಲಿಸ್ಲೇನ್ರಿ?’) ತುಂಬಿದ ಸಭೆಯಲ್ಲಿ ಪಾಲಿಯೆಸ್ಟರನ್ನು ರೇಷ್ಮೆ ಎನ್ನುವವರು ಇನ್ನು ಯಾವುದನ್ನು ಏನೆನ್ನಲಾರರು?

ಆದರೆ ಅಷ್ಟರಲ್ಲಿ ಮೈಕು ನನ್ನ ಕೈಗೆ ಬಂದಿತ್ತು. ‘ಇಂಥ ಸಂಸ್ಥೆ ಬಂದದ್ದು ಬೆಳಗಾವಿಯ ಭಾಗ್ಯ’ ಎಂದುಬಿಟ್ಟೆ. ಸಂಜೆ ಶಾಹೀನ್‌ಗೆ ಫೋನು: ‘ಖರೇ ಐತಿ ತಂಗಿ, ಸೇರಿಬಿಡು.’

ಕಳೆದ ವಾರ ಅವಳು ಮತ್ತೆ ಬಂದಿದ್ದಳು. ಬಿ.ಎಡ್. ಕಾಲೇಜಿನವರು ಅವಳ ಡಿಗ್ರಿಯನ್ನು ವಾಪಸ್ ಕೊಟ್ಟಿದ್ದರು. ಈ ಯೂನಿವರ್ಸಿಟಿಗೆ ಸರ್ಕಾರದ ಮಾನ್ಯತೆಯೇ ಇಲ್ಲವಂತೆ.

ಅಳಲಿಲ್ಲ. ‘ನಾ ಓದಿದ್ದು ಖರೇ ಐತಿ ಕಾಕಾ. ದಿನಾ ಟ್ರೇನ್‌ನ್ಯಾಗ ಕುಂತು ಓದೇನಿ. ಡಿಗ್ರಿ ಅಷ್ಟ ಸುಳ್ಳ’ ಎಂದಳು.

ತಡೆಯಲಾಗಲಿಲ್ಲ. ಶಾಲಿನ ವಿಷಯ ಹೇಳಿಬಿಟ್ಟೆ. ಅವಳು ಕೇಳಿದಳು:

‘ಬೆರಳಿಗೆ ತಿಳದದ್ದು ಬಾಯಿಗ್ಯಾಕ ಬರ್ಲಿಲ್ರಿ?’

 

ಶಾಹೀನ್ ಈಗ ಮತ್ತೆ ಮೊದಲ ವರ್ಷದಿಂದ ಶುರು ಮಾಡುತ್ತಾಳೆ, ಬೇರೆ ಕಡೆ. ಈ ಸಲ ನನ್ನನ್ನು ಕೇಳಲಿಲ್ಲ. ಡಿಗ್ರಿ ಕೊಡುವವರನ್ನೂ ಕೇಳಲಿಲ್ಲ. ಸೀದಾ ಆ ಬಿ.ಎಡ್. ಕಾಲೇಜಿಗೇ ಹೋಗಿ, ‘ಇಂತಿಂಥ ಯೂನಿವರ್ಸಿಟಿ ಡಿಗ್ರಿ ತಂದ್ರ ನನ್ನ ಸೇರಿಸ್ಕೋತೀರೇನ್ರಿ?’ ಎಂದು ಕೇಳಿ ಬಂದಿದ್ದಾಳೆ. ಇಷ್ಟು ಸರಳ ಪ್ರಶ್ನೆ ನನಗೇಕೆ ಹೊಳೆಯಲಿಲ್ಲ? (ಫೇಟಾ ಸ್ವಲ್ಪ ಬಿಗಿಯಾಗಿತ್ತು.)

ನಿನ್ನೆ ಆ ಆಫೀಸಿಗೆ ಹೋಗಿದ್ದೆ. ಡೈರೆಕ್ಟರನ ಕುರ್ಚಿಯ ಹಿಂದೆ ದೊಡ್ಡ ಫ್ರೇಮಿನಲ್ಲಿ ನಾನೇ ಇದ್ದೆ, ಫೇಟಾ ಮತ್ತು ಶಾಲಿನ ಸಮೇತ. ‘ಅದನ್ನ ತೆಗೀರಿ’ ಎಂದೆ. ಆತ ನಕ್ಕ.

‘ಹ್ಯಾಂಗ ತೆಗೀಲ್ರಿ ಕಾಕಾ? ಅದನ್ನ ನೋಡೇ ಮಂದಿ ಅಡ್ಮಿಷನ್ ಮಾಡಸ್ತಾರ!’

ಹಾಗಾದರೆ ಈ ಅಂಕಣದಲ್ಲಿಯೇ ಕೇಳುತ್ತೇನೆ: ನನ್ನ ಫೋಟೋ ನೋಡಿ ಸೇರಿದವರು ನಿಮ್ಮಲ್ಲಿ ಇನ್ನೂ ಯಾರ್ಯಾರಿದ್ದೀರಿ?