ಹರಳಿನೊಳಗಿನ ನೀರು

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ತುಮಕೂರಿನ ಒಂದು ಸಣ್ಣ ಔಷಧಿ ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿದ್ದೆ. ನನ್ನ ಊರು ಕುಣಿಗಲ್. ಬಿ.ಎಸ್ಸಿ. ಮುಗಿಸಿ ಬಂದು ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದೆ. ಇಡೀ ದಿನದಲ್ಲಿ ನನ್ನೊಂದಿಗೆ ಮನಸ್ಸಿಟ್ಟು ಮಾತಾಡುತ್ತಿದ್ದವರು ಡ್ರೈಯರ್ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರೇ. ಐವತ್ತು ದಾಟಿದವರು, ಗುಬ್ಬಿಯಿಂದ ದಿನಾ ರೈಲಿನಲ್ಲಿ ಬರುತ್ತಿದ್ದರು. ನಾನು ಅವರನ್ನು ಅಣ್ಣ ಅನ್ನುತ್ತಿದ್ದೆ. ಅವರ ಬುತ್ತಿಯ ಹುಚ್ಚೆಳ್ಳು ಚಟ್ನಿಯಲ್ಲಿ ನನಗೂ ಪಾಲಿತ್ತು.

ಡ್ರೈಯರ್ ಅಂದರೆ ಬೀರುವಿನಂಥ ದೊಡ್ಡ ಪೆಟ್ಟಿಗೆ. ಟ್ರೇಗಳಲ್ಲಿ ಒದ್ದೆ ಆಂಪಿಸಿಲಿನ್ ಪುಡಿ ಹರಡಿ ಒಳಗಿಟ್ಟು ಬಿಸಿಗಾಳಿ ಹಾಯಿಸುತ್ತಿದ್ದರು. ಪುಡಿಯ ಮೈಗಂಟಿದ ನೀರು ಹೋಗಬೇಕು. ಹರಳು ಕಟ್ಟುವಾಗಲೇ ಅದರೊಳಗೆ ಸೇರಿಕೊಂಡ ನೀರು ಉಳಿಯಬೇಕು. ಬಿಸಿ ಮಿತಿಯಲ್ಲಿದ್ದರೆ ನೀರಿನ ಅಳತೆ ಇಳಿಯುತ್ತಾ ಬಂದು ಒಂದು ಕಡೆ ನಿಲ್ಲುತ್ತದೆ. ಬಿಸಿ ಹೆಚ್ಚಿದರೆ ನಿಂತದ್ದು ಮತ್ತೆ ಇಳಿಯತೊಡಗುತ್ತದೆ. ಆಗ ಹರಳು ಕುಸಿಯುತ್ತದೆ, ಔಷಧಿ ಬೇಗ ಕೆಡುತ್ತದೆ. ಗಂಟೆಗೊಮ್ಮೆ ಚಿಟಿಕೆ ಪುಡಿ ತಂದು ಪರೀಕ್ಷಿಸಿ ಬರೆಯುವುದು ನನ್ನ ಕೆಲಸ.

ಆ ದಿನ ಮೋಡ ಕವಿದಿತ್ತು, ಪುಡಿ ಬೇಗ ಒಣಗಲಿಲ್ಲ. ಅಣ್ಣನ ಮಗಳಿಗೆ ಬೆಳಿಗ್ಗೆಯೇ ಹೆರಿಗೆ ನೋವು ಶುರುವಾಗಿತ್ತು. ಸಂಜೆ ರೈಲಿನವರೆಗೆ ಕಾಯದೆ ಬಸ್ಸಿಗೆ ಹೋಗಿಬಿಡುವ ಆತುರ ಅವರಿಗೆ; ಟ್ರೇ ಇಳಿಸದೆ ಹೋಗುವಂತಿರಲಿಲ್ಲ. ಎರಡು ಗಂಟೆಗೆ ನಾನು ಪುಡಿ ತರಲು ಹೋದಾಗ ಬಿಸಿ ತೋರಿಸುವ ಮುಳ್ಳು ಎಂದಿಗಿಂತ ಮೇಲಿತ್ತು. ಇಷ್ಟು ವರ್ಷ ಪಳಗಿದವರಿಗೆ ನಾನೇನು ಹೇಳುವುದು ಅಂದುಕೊಂಡು ಸುಮ್ಮನೆ ಬಂದೆ. ಮೂರು ಗಂಟೆಯ ಪುಡಿಯಲ್ಲಿ ನೀರು ಇರಬೇಕಾದ್ದಕ್ಕಿಂತ ಕಡಿಮೆ ಬಂತು. ಮತ್ತೊಮ್ಮೆ ಪರೀಕ್ಷಿಸಿದೆ, ಅಷ್ಟೇ ಬಂತು.

ಹೋಗಿ ಹೇಳಿದಾಗ ಅಣ್ಣ ಒಂದು ಟ್ರೇ ಹೊರಗೆಳೆದು ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿದರು. “ನಾಳಿಕೆ ಒಸಿ ಹಸಿ ಪುಡಿ ಬೆರೆಸ್‌ಬುಡ್ತೀನಿ ಕಣಮ್ಮ. ಲೆಕ್ಕ ಸರಿಹೋಯ್ತದೆ.”

“ಲೆಕ್ಕ ಸರಿಹೋಗುತ್ತೆ ಅಣ್ಣ. ಹರಳು ಸರಿಹೋಗಲ್ಲ.”

ಬಂದ ಅಂಕಿಯನ್ನೇ ಬರೆದೆ. ಮಾಲು ತಡೆಹಿಡಿದರು. ಮ್ಯಾನೇಜರು ವಿಚಾರಿಸಿದಾಗ ಮೂರು ಗಂಟೆಯದನ್ನು ಹೇಳಿದೆ; ಎರಡು ಗಂಟೆಗೆ ಕಂಡದ್ದನ್ನು ಹೇಳಲಿಲ್ಲ. ಅಣ್ಣನನ್ನು ಡ್ರೈಯರಿನಿಂದ ತೆಗೆದು ಡ್ರಮ್ಮು ತೊಳೆಯುವ ಕಡೆಗೆ ಹಾಕಿದರು.

ಮಾರನೆಯ ದಿನದಿಂದ ನಾನು ಊಟಕ್ಕೆ ಕೂತರೆ ಪಕ್ಕದ ಜಾಗ ಖಾಲಿಯಾಗುತ್ತಿತ್ತು. ಯಾರೂ ಒಂದು ಕೆಟ್ಟ ಮಾತಾಡಲಿಲ್ಲ. ಮಾತೇ ಆಡಲಿಲ್ಲ. ತಕ್ಕಡಿ ಇಡುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಉಣ್ಣುವುದನ್ನು ಕಲಿತೆ. ಕೆಲವು ಭಾನುವಾರ ನನ್ನ ದನಿಯನ್ನು ನಾನೇ ಕೇಳದೆ ಕಳೆದದ್ದುಂಟು.

ತಿಂಗಳಾದ ಮೇಲೆ ತಡೆಯಲಾರದೆ ಗುಬ್ಬಿಗೆ, ಅಣ್ಣನ ಮನೆಗೆ ಹೋದೆ. ಅಣ್ಣ ಚಾಪೆ ಹಾಸಿ ಕೂರಿಸಿದರು. ಅವರ ಹೆಂಡತಿ ಕಾಫಿ ಕೊಟ್ಟರು.

“ನೀವು ಬರ್ದಿದ್ದು ಸರೀನೇ ಕಣಮ್ಮ,” ಅಂದರು ಅಣ್ಣ. “ಬಿಸಿ ಏರ್ಸಿದ್ದು ನಾನು.”

“ಎರಡು ಗಂಟೆಗೇ ನೋಡಿದ್ದೆ ಅಣ್ಣ. ಹೇಳ್ಲಿಲ್ಲ.”

ಅವರು ಲೋಟ ಕೆಳಗಿಟ್ಟರು. “ಆಗ್ಲೇ ಒಂದ್ ಮಾತು ಅಂದಿದ್ರೆ ಬಿಸಿ ಇಳಿಸ್ತಿದ್ನಲ್ಲ,” ಅಂದರು. ಸಿಟ್ಟಿರಲಿಲ್ಲ. ಅದೇ ನನಗೆ ಕಷ್ಟವಾಯಿತು. ಒಳಗಿನಿಂದ ಮಗಳು ಮಗುವನ್ನು ತಂದು ನನ್ನ ತೊಡೆಯ ಮೇಲೆ ಮಲಗಿಸಿದಳು. ಸ್ಟೇಷನ್ನಿನವರೆಗೆ ಬಂದ ಅಣ್ಣ ರೈಲು ಬರುವ ತನಕ ನಿಲ್ಲಲಿಲ್ಲ.

ಮರುದಿನವೇ ಅದನ್ನು ಮ್ಯಾನೇಜರಿಗೂ ಹೇಳಿದೆ. “ಆಗಿದ್ದಾಯ್ತು ಬಿಡಮ್ಮ,” ಅಂದರು. ಅಣ್ಣ ಮಾತ್ರ ಡ್ರಮ್ಮಿನ ಕಡೆಯೇ ಉಳಿದರು. ಇನ್ನೆರಡು ವರ್ಷ ನಾನು ಅಲ್ಲಿದ್ದೆ. ಎದುರು ಸಿಕ್ಕಾಗ ಮಗುವಿನ ವಿಷಯ ಕೇಳುತ್ತಿದ್ದೆ. ಹಲ್ಲು ಬಂತು, ನಡೀತದೆ, ಅಂತ ಚುಟುಕಾಗಿ ಹೇಳುತ್ತಿದ್ದರು. ಅದರಾಚೆಗೆ ನಮ್ಮ ಮಾತು ಬೆಳೆಯಲಿಲ್ಲ.