ಸೀತೆಯ ಪಾಲಿನ ಮೈಕು

ಅತೀಕನಂಥ ಪುಕ್ಕಲ ಶಿರಸಿಯಲ್ಲಿ ಇನ್ನೊಬ್ಬನಿಲ್ಲ ಎಂದು ಅವನೆದುರೇ ಹೇಳುತ್ತೇನೆ. ಬಸ್ ಸ್ಟ್ಯಾಂಡಿನ ಎದುರು, ಮಹಡಿಯ ಮೇಲೆ ಅವನ ರೆಕಾರ್ಡಿಂಗ್ ಕೋಣೆ. ಅಂಗಡಿ ಜಾಹೀರಾತುಗಳಿಗಾಗಿ ನನ್ನ ಗಂಟಲು ಅಲ್ಲಿ ವಾರಕ್ಕೆರಡು ಸಲ ದುಡಿಯುತ್ತದೆ. ಎಷ್ಟೇ ಕಿರುಚಲಿ, ಅವನ ಯಂತ್ರದಲ್ಲಿ ದನಿ ಅಳೆಯುವ ಮುಳ್ಳು ಕೆಂಪು ಪಟ್ಟಿಗೆ ತಾಗಬಾರದು. ಮೊದಲು ಗಂಟಲು ಹರಿಯುವಂತೆ ಕೂಗಿಸಿ ನೋಡುತ್ತಾನೆ, ಆಮೇಲೆ ಮುಳ್ಳಿಗೆ ಏರಲು ಇನ್ನೂ ಜಾಗ ಉಳಿಯಲೆಂದು ದನಿಯ ಗುಂಡಿಯನ್ನು ಎರಡು ಗೆರೆ ಇಳಿಸುತ್ತಾನೆ. ಕೆಂಪಿಗೆ ತಾಗಿದ ದನಿ ಒಡೆಯುತ್ತದೆ. ಒಡೆದ ಮೇಲೆ ಯಾರೂ ಬೆಸೆಯಲಾರರು.

“ಘಟ್ಟ ಇಳಿಯೋ ಲಾರೀಲಿ ಬ್ರೇಕ್ ಒಂಚೂರು ಉಳ್ದಿರ್ಬೇಕು ಅಂತ ಅಬ್ಬಾ ಹೇಳ್ತಿದ್ರು,” ಎನ್ನುತ್ತಾನೆ. ಅವನ ತಂದೆ ಗನಿ ಸಾಹೇಬರು ಮೂವತ್ತು ವರ್ಷ ಲಾರಿ ಓಡಿಸಿದವರು.

ಕಳೆದ ಜನವರಿಯಲ್ಲಿ ಮತ್ತಿಘಟ್ಟದ ನೇತ್ರಾ ತನ್ನ ತಾಯಿ ವೆಂಕಮ್ಮನನ್ನು ಕರೆತಂದಳು. ಮರುವಾರವೇ ವೆಂಕಮ್ಮನ ಆಪರೇಷನ್. ಗಂಟಲಿನ ಧ್ವನಿಪೆಟ್ಟಿಗೆಯನ್ನೇ ತೆಗೆಯುವವರಿದ್ದರು. ಅಷ್ಟರೊಳಗೆ ಅವರ ಮದುವೆ ಹಾಡುಗಳನ್ನು ಹಿಡಿದಿಟ್ಟುಕೊಳ್ಳಬೇಕಿತ್ತು. ಅವರ ಮನೆಗಳಲ್ಲಿ ಇವು ಜೋಡಿ ಹಾಡುಗಳು: ಒಬ್ಬಳು ಸಾಲು ಹೇಳಿ ನಿಲ್ಲಿಸುತ್ತಾಳೆ, ಇನ್ನೊಬ್ಬಳು ಅದನ್ನೇ ತಿರುಗಿ ಹೇಳುತ್ತಾಳೆ. ವೆಂಕಮ್ಮನ ಜೋಡಿಯಾಗಿದ್ದ ನಾದಿನಿ ಸೀತಾ ತೀರಿಕೊಂಡು ಮೂರು ವರ್ಷವಾಗಿತ್ತು.

“ಇನ್ನೊಂದ್ ಮೈಕ್ ಇಡು ತಮಾ. ಆನು ಒಂದ್ ಸಾಲು ಹೇಳಿ ಬಿಡ್ತೆ, ಮುಂದಿಂದು ಸೀತೆ ಪಾಲು,” ಎಂದರು ವೆಂಕಮ್ಮ.

ಅವರ ಮನಸ್ಸು ನೋಯಬಾರದೆಂದು ಅತೀಕ ಪಕ್ಕದ ಖಾಲಿ ಸ್ಟೂಲಿನೆದುರು ಎರಡನೇ ಮೈಕು ನಿಲ್ಲಿಸಿದ. ವೈರು ಮಾತ್ರ ಸಿಕ್ಕಿಸಲಿಲ್ಲ.

ವೆಂಕಮ್ಮ ಒಂದು ಸಾಲು ಹಾಡಿ ನಿಲ್ಲಿಸಿದರು. ಮೊದಲನೇ ಮುಳ್ಳು ಕೆಳಗೆ ಬಿತ್ತು. ಎರಡನೆಯದು, ಖಾಲಿ ಸ್ಟೂಲಿನ ಮೈಕಿನದು, ಎದ್ದಿತು. ಹೆಡ್‌ಫೋನಿನಲ್ಲಿ ಏನೂ ಇಲ್ಲ. ಮತ್ತೊಂದು ಸಾಲು, ಮತ್ತೆ ಮೌನ, ಮತ್ತೆ ಆ ಮುಳ್ಳು. ಹಾಡಿನ ಅಳತೆಗೆ ಸರಿಯಾಗಿ ಏರಿ ಇಳಿಯಿತು. ಬಗ್ಗಿ ನೋಡಿದೆ, ಆ ಮೈಕಿಗೆ ವೈರೇ ಇರಲಿಲ್ಲ.

ಅವರು ಹೋದ ಮೇಲೆ ಅತೀಕ ಹಾಡಿನ ನಡುವಿನ ಮೌನವನ್ನೆಲ್ಲ ಕತ್ತರಿಸಿ ಹಾಕಿದ. “ಖಾಲಿ ಇದ್ರೆ ಕೇಳೋರಿಗೆ ಬೇಜಾರು,” ಎಂದ. ಹೆದರಿ ಕತ್ತರಿಸಿದ್ದು ಎಂದು ನನಗೆ ಗೊತ್ತಿತ್ತು. ನಾನೂ ಬಾಯಿ ಬಿಡಲಿಲ್ಲ. ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಎರಡು ತಿಂಗಳ ಮೇಲೆ ತಾಯಿ ಮಗಳು ಮತ್ತೆ ಬಂದರು.

“ಹಾಡು ಹಚ್ಚಿದ ಕೂಡ್ಲೇ ಆಯಿ ಅಳ್ತು,” ಎಂದಳು ನೇತ್ರಾ.

ಗಂಟಲಿಗೆ ಬಟ್ಟೆ ಸುತ್ತಿಕೊಂಡಿದ್ದ ವೆಂಕಮ್ಮ ಸ್ಲೇಟು ತೋರಿಸಿದರು: ‘ಸೀತೆನ ಎಲ್ಲಿ ಬಿಟ್ಟೆ?’

ಅತೀಕ ಕೈ ಮುಗಿದ. “ತಪ್ಪಾಯ್ತು ಅಮ್ಮಾ. ಹೆದ್ರಿ ಕತ್ತರಿಸ್ದೆ. ಪೂರ್ತಿದು ಇಟ್ಟಿದೀನಿ.” ಪುಕ್ಕಲರು ಯಾವುದನ್ನೂ ಅಳಿಸುವುದಿಲ್ಲ, ಪುಣ್ಯ.

ಪೂರ್ತಿ ಹಾಡು ಹಚ್ಚಿದ. ವೆಂಕಮ್ಮ ಎದ್ದು ಹೋಗಿ ಸೀತೆಯ ಸ್ಟೂಲಿನ ಮೇಲೆ ಕೂತರು. ವೈರಿಲ್ಲದ ಮೈಕು ಇನ್ನೂ ಅಲ್ಲೇ ಇತ್ತು. ಅದನ್ನು ಮುಟ್ಟುವ ಧೈರ್ಯ ಅತೀಕನಿಗೆ ಬಂದಿರಲಿಲ್ಲ. ಸ್ಪೀಕರಿನಲ್ಲಿ ಅವರದೇ ದನಿ ಒಂದು ಸಾಲು ಹೇಳಿ ನಿಲ್ಲಿಸಿತು. ವೆಂಕಮ್ಮ ಆ ಮೌನಕ್ಕೆ ತುಟಿಯಾಡಿಸಿದರು. ದನಿ ಹೊರಡಲಿಲ್ಲ. ಎರಡನೇ ಮುಳ್ಳು ಎದ್ದಿತು, ಅಂದಿಗಿಂತ ಮೇಲಕ್ಕೆ, ಕೆಂಪಿನ ಅಂಚಿನವರೆಗೂ.

ಅತೀಕ ಓಡಿಹೋಗುತ್ತಾನೆಂದುಕೊಂಡೆ. ಅವನು ಎರಡನೇ ಗುಂಡಿಯನ್ನು ಒಂದು ಗೆರೆ ಇಳಿಸಿದ.

“ಇನ್ನೂ ಜೋರಾಗಿ ಹೇಳಿ ಅಮ್ಮಾ,” ಎಂದ. “ಜಾಗ ಇದೆ.”